ವಾಟರ್‌ಮಾರ್ಕ್‌ನಲ್ಲಿ ಕನ್ನಡದ ಒತ್ತು ಒಡೆದು ಬರುತ್ತಿದೆ (ಪರಿಹಾರ ಸಿಕ್ಕಿತು)

ಬೆಳ್ಳಕ್ಕಿ:
ನಮಸ್ಕಾರ. ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಸುಮಾರು 300 ಫೋಟೋ ಇವೆ. ಮೂಲೆಯಲ್ಲಿ ‘ಹಕ್ಕಿ ಬುತ್ತಿ’ ಅಂತ ನನ್ನ ಪುಟದ ಹೆಸರು ಹಾಕಬೇಕು. ಫೋಟೋಶಾಪ್‌ನಲ್ಲಿ ಟೈಪ್ ಮಾಡಿದರೆ ‘ಹಕ್‌ಕಿ ಬುತ್‌ತಿ’ ಅಂತ ಬರುತ್ತದೆ. ತುಂಗಾ, ನಿರ್ಮಲಾ, ನೋಟೋ ಮೂರೂ ಫಾಂಟ್ ಹಾಕಿ ನೋಡಿದೆ, ಅದೇ ಕತೆ. ಅದೇ ಪದವನ್ನು ನೋಟ್‌ಪ್ಯಾಡ್‌ಗೆ ಅಂಟಿಸಿದರೆ ಮಾತ್ರ ಚೆನ್ನಾಗಿ ಕಾಣುತ್ತದೆ. ಏನು ಮಾಡಲಿ?

ಹಳೇ ಡಿಟಿಪಿ:
ನುಡಿ ತಂತ್ರಾಂಶದಲ್ಲಿ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರಿಸಿದ ಹಳೇ ಬಗೆ) ಹಾಕಿ ಟೈಪ್ ಮಾಡಿ ಸಾರ್. ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆ ಎಲ್ಲಾ ಹಾಗೇ ಮಾಡ್ತಾ ಇದ್ದೀವಿ. ಒಂದು ಒತ್ತೂ ಒಡೆಯಲ್ಲ.

ಕತ್ತಲೆ ಕೋಣೆ:
ಡಿಟಿಪಿ ಅಣ್ಣ ಹೇಳಿದ್ದೂ ನಡೆಯುತ್ತದೆ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದು ತಿದ್ದಲು ಹೋದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಸಿಗುತ್ತದೆ.

ಬೆಳ್ಳಕ್ಕಿಯವರೇ, ನೋಟ್‌ಪ್ಯಾಡ್‌ನಲ್ಲಿ ಸರಿ ಬಂತು ಅಂದಿರಲ್ಲ, ಉತ್ತರ ಅಲ್ಲೇ ಇದೆ. ಫಾಂಟಿನದು ತಪ್ಪಿಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಂಕೇತಗಳ ಪಟ್ಟಿಯಲ್ಲಿ, ‘ಕ್ಕಿ’ ಅನ್ನುವ ಒಂದೇ ಅಕ್ಷರ ಇಲ್ಲ. ಕ, ಅರ್ಧಾಕ್ಷರದ ಗುರುತು, ಇನ್ನೊಂದು ಕ, ಗುಡಿಸು, ಹೀಗೆ ನಾಲ್ಕು ಬಿಡಿ ತುಂಡುಗಳಿರುತ್ತವೆ. ಅವನ್ನು ಹೊಂದಿಸಿ ಒತ್ತು ಕೂರಿಸುವುದು ತೆರೆಯ ಮೇಲೆ ಅಕ್ಷರ ಬಿಡಿಸುವ ಎಂಜಿನ್ನು. ನಿಮ್ಮ ಫೋಟೋಶಾಪ್‌ನಲ್ಲಿ ಬೇರೆ ಎಂಜಿನ್ ಆನ್ ಆಗಿದೆ, ಅಷ್ಟೇ.

ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ. ಎಂಜಿನ್ ಆರಿಸುವ ಆಯ್ಕೆ ಇರುವ ಹಳೆಯ ಆವೃತ್ತಿಗಳಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಅಂತ ಇರುತ್ತದೆ. ಇನ್ನೂ ಹಳೆಯ ಕೆಲವು ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಅದನ್ನು ಆರಿಸಿ, ಫೋಟೋಶಾಪ್ ಮುಚ್ಚಿ ತೆರೆದು, ಹೊಸ ಫೈಲಿನಲ್ಲಿ ಟೈಪ್ ಮಾಡಿ. ಮೊದಲೇ ಟೈಪ್ ಮಾಡಿದ ಹಳೇ ಲೇಯರ್ (ಪದರ) ತಾನಾಗಿ ಸರಿ ಹೋಗುವುದಿಲ್ಲ. ಎಷ್ಟೋ ಜನ ಇಲ್ಲೇ ‘ಆಗ್ಲಿಲ್ಲ’ ಅಂತ ಕೈಬಿಡುತ್ತಾರೆ.

ಬೆಳ್ಳಕ್ಕಿ:
ಬಂತು! ಎರಡು ದಿನ ಸುಮ್ನೆ ಫಾಂಟ್ ಇಳಿಸಿಕೊಂಡು ಕೂತಿದ್ದೆ. ಈಗ ಹೊಸ ತೊಂದರೆ. ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ, ವಾಟ್ಸಾಪ್‌ನಲ್ಲಿ ಲ್ಯಾಪ್‌ಟಾಪಿಗೆ ಕಳಿಸಿಕೊಂಡೆ. ಫೋಟೋ ಮೇಲೆ ಇಟ್ಟರೆ ಹೆಸರಿನ ಸುತ್ತ ಬಿಳಿ ಚೌಕ ಬರುತ್ತಿದೆ. ಮತ್ತೆ 300 ಫೋಟೋಗೂ ಒಂದೊಂದಾಗಿ ಅಂಟಿಸಬೇಕಾ?

ಕತ್ತಲೆ ಕೋಣೆ:
ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಜೆಪೆಗ್ ಆಗುತ್ತದೆ. ಜೆಪೆಗ್‌ನಲ್ಲಿ ಪಾರದರ್ಶಕ ಹಿನ್ನೆಲೆಗೆ ಜಾಗವೇ ಇಲ್ಲ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಹಾಕಿಕೊಳ್ಳಿ.

300 ಫೋಟೋಗೆ ಡಿಜಿಕ್ಯಾಮ್ ಅನ್ನುವ ಫೋಟೋ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಎಲ್ಲಾ ಫೋಟೋಗೂ ಒಟ್ಟಿಗೆ ಕೆಲಸ ಮಾಡುವ ಬ್ಯಾಚ್ ಕ್ಯೂ ಮ್ಯಾನೇಜರ್ ತೆರೆದು ಮೊದಲು ರೊಟೇಟ್, ಆಮೇಲೆ ರೀಸೈಜ್, ಕೊನೆಗೆ ವಾಟರ್‌ಮಾರ್ಕ್, ಇದೇ ಕ್ರಮದಲ್ಲಿ ಸೇರಿಸಿ. ಕ್ರಮ ತಪ್ಪಿ ವಾಟರ್‌ಮಾರ್ಕ್ ಮೊದಲು ಬಂದರೆ ರೀಸೈಜ್ ಆಗುವಾಗ ಅಕ್ಷರವೂ ಕುಗ್ಗಿ ಒತ್ತುಗಳು ಮಸುಕಾಗುತ್ತವೆ. ಇಂಗ್ಲಿಷ್ ಹೆಸರಿಗೆ ಅಷ್ಟು ಗೊತ್ತಾಗುವುದಿಲ್ಲ, ನಮ್ಮ ಒತ್ತುಗಳು ಚಿಕ್ಕವು ಅಲ್ವಾ. ರೊಟೇಟ್‌ನಲ್ಲಿ ಎಕ್ಸಿಫ್ ಓರಿಯೆಂಟೇಶನ್ (ಕ್ಯಾಮೆರಾ ಹೇಗೆ ಹಿಡಿದಿತ್ತು ಅಂತ ಫೋಟೋದೊಳಗೆ ಇರುವ ಟಿಪ್ಪಣಿ) ಬಳಸು ಅನ್ನುವುದಕ್ಕೆ ಗುರುತು ಹಾಕಿ. ಇಲ್ಲದಿದ್ದರೆ ಕ್ಯಾಮೆರಾ ಉದ್ದುದ್ದ ಹಿಡಿದು ತೆಗೆದ ಫೋಟೋಗಳಲ್ಲಿ ಹೆಸರು ಅಡ್ಡ ಮಲಗಬಹುದು. ಬೇರೆ ಫೋಲ್ಡರಿಗೆ ಸೇವ್ ಮಾಡಿ. ಮೂಲ ಫೋಟೋ ಮೇಲೆಯೇ ಬರೆದುಕೊಂಡು ಒಮ್ಮೆ ಒಂದು ಮದುವೆಯ ಆಲ್ಬಮ್ ಕಳೆದುಕೊಂಡವನು ನಾನು.

ಬೆಳ್ಳಕ್ಕಿ:
300 ಕೂಡ ಮುಗಿದವು, ನಾನು ಕಾಫಿ ಕುಡಿದು ಬರುವಷ್ಟರಲ್ಲಿ. ಹೆಜ್ಜಾರ್ಲೆ ಫೋಟೋಗಳಲ್ಲಿ ಮಾತ್ರ ಹೆಸರು ಕಾಣುತ್ತಲೇ ಇಲ್ಲ. ಹಕ್ಕಿಯೂ ಬಿಳಿ, ಅಕ್ಷರವೂ ಬಿಳಿ.

ಹಳೇ ಡಿಟಿಪಿ:
ಅಕ್ಷರದ ಸುತ್ತ ತೆಳ್ಳಗೆ ಕಪ್ಪು ಅಂಚು ಕೊಡಿ ಸಾರ್, ಎರಡು ಪಿಕ್ಸೆಲ್ ಸಾಕು. ಬಿಳಿ ಮೇಲೂ ಕಾಣುತ್ತೆ, ಕರಿ ಮೇಲೂ ಕಾಣುತ್ತೆ. ಇದಕ್ಕೆ ನುಡಿ ಬೇಡ ಬಿಡಿ.

ಬೆಳ್ಳಕ್ಕಿ:
ಅಂಚು ಕೊಟ್ಟೆ, ಈಗ ರೆಕ್ಕೆ ಮೇಲೂ ಓದಲು ಬರುತ್ತದೆ. ಇಬ್ಬರಿಗೂ ಥ್ಯಾಂಕ್ಸ್. ಶೀರ್ಷಿಕೆಯಲ್ಲಿ ‘ಪರಿಹಾರ ಸಿಕ್ಕಿತು’ ಅಂತ ಸೇರಿಸಿದ್ದೇನೆ.