ಕಾರವಾರದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಅನುಭವ ಹೇಳಿ, ಬಜೆಟ್ 3 ಲಕ್ಷ

ನಮ್ಮನೆ ಕಾರವಾರ, ಹೆಂಡತಿ ತವರು ಶಿರಸಿ. ತಿಂಗಳಿಗೆ ಎರಡು ಸಲ ಘಟ್ಟ ಹತ್ತಲೇಬೇಕು, ಅಪ್ಪಂಗೆ ಮಂಡಿನೋವು, ಬಸ್ ಹತ್ತೋಕೆ ಆಗಲ್ಲ. ಇಲ್ಲೇ ಒಂದು 2016ರ ವ್ಯಾಗನ್ ಆರ್ ನೋಡಿದೀನಿ, ಪೆಟ್ರೋಲ್, 61,000 ಕಿ.ಮೀ. ಓಡಿದೆ, 3.10 ಹೇಳ್ತಿದಾರೆ. ಎಂತೆಂತ ನೋಡ್ಬೇಕು, ತಗೊಂಡವರು ಹೇಳಿ.

ಕುಮಟಾದಿಂದ
ಮೊದಲು ಮ್ಯಾಟ್ ಎತ್ತಿ ನೋಡಿ ಮಾರಾಯ್ರೆ. ನಾನು ನೋಡ್ಲಿಲ್ಲ, ಅದಕ್ಕೇ ಹೇಳ್ತಿರೋದು. 2021ರಲ್ಲಿ 2.85ಕ್ಕೆ ತಗೊಂಡೆ, ಬೆಳ್ಳಿ ಬಣ್ಣ, ಪಾಲಿಶ್ ಹೊಡೆದು ಕನ್ನಡಿ ಥರ ಇಟ್ಟಿದ್ರು, ಮೊದಲಿನ ಓನರ್ ಮನೆ ಕಡಲಿಂದ ಇನ್ನೂರು ಮೀಟರ್ ಅಂತ ಗೊತ್ತಿತ್ತು, ಆದ್ರೂ ತಲೆಗೆ ಹೋಗ್ಲಿಲ್ಲ. ಜೂನ್ ಮಳೆ ಶುರುವಾಯ್ತು, ಡ್ರೈವರ್ ಸೀಟಿನ ಕೆಳಗೆ ನೀರು. ಗ್ಯಾರೇಜಿನ ಹುಡುಗ ಕಾರ್ಪೆಟ್ ಎತ್ತಿ ಸ್ಕ್ರೂ ಡ್ರೈವರ್ ತುದಿಯಿಂದ ಸುಮ್ನೆ ಒತ್ತಿದ, ಸೀದಾ ಕೆಳಗೆ ಹೋಯ್ತು, ತೂತಲ್ಲಿ ನೆಲ ಕಾಣ್ತಿತ್ತು. ಕಡಲ ಉಪ್ಪು ಗಾಳಿಗೆ ತುಕ್ಕು ತಿಂದಿತ್ತು. ರನ್ನಿಂಗ್ ಬೋರ್ಡ್ ಒಳಗೆ ಪುಟ್ಟಿ ತುಂಬಿ ಮೇಲಿಂದ ಪೇಂಟ್ ಹೊಡೆದಿದ್ರು. ಟಿಂಕರಿಂಗ್ 18,500, ಪೇಂಟ್ 9,000, ಸೈಲೆನ್ಸರ್ ಕೊಳೆತಿತ್ತು ಅದಕ್ಕೆ 4,200, ಗಾಡಿ 23 ದಿನ ಗ್ಯಾರೇಜಲ್ಲೇ. ತಂಗಿ ಮದುವೆಗೆ ಬಾಡಿಗೆ ಕಾರು ಮಾಡ್ಕೊಂಡು ಹೋದೆ, ಸ್ವಂತ ಗಾಡಿ ಇದ್ದೂ. ಕರಾವಳಿ ಗಾಡಿ ತಗೋಬೇಡಿ, ಅಷ್ಟೇ.

ಶಿರಸಿಯಿಂದ
ಘಟ್ಟದ ಮೇಲಿನ ಗಾಡಿ ತಗೊಳ್ಳಿ. ನನ್ನದು ಆಲ್ಟೊ, ಕೆಎ 31 ಅಂದ್ರೆ ಶಿರಸಿ ನಂಬರ್, 2018ರಲ್ಲಿ ನಮ್ಮೂರಿನ ಒಬ್ಬ ಮೇಷ್ಟ್ರ ಹತ್ರ 1.92ಕ್ಕೆ ತಗೊಂಡಿದ್ದು. ಅವರು ಆಯಿಲ್ ಬದಲಿಸಿದ್ದೆಲ್ಲ ಒಂದು ನೋಟ್‌ಬುಕ್ಕಲ್ಲಿ ತಾರೀಖು ಕಿಲೋಮೀಟರ್ ಸಮೇತ ಬರೆದಿಟ್ಟಿದ್ರು, ಆ ನೋಟ್‌ಬುಕ್ ನೋಡಿಯೇ ನಾನು ಚೌಕಾಸಿ ಮಾಡ್ಲಿಲ್ಲ. ಆಮೇಲೆ ಇವತ್ತಿನವರೆಗೆ 74,000 ಓಡಿಸಿದೀನಿ, ದೇವಿಮನೆ ಘಟ್ಟ ಎಷ್ಟು ಸಲ ಇಳಿದು ಹತ್ತಿದೀನೋ ಲೆಕ್ಕ ಇಲ್ಲ, ಇಂಜಿನ್ ಬಿಚ್ಚಿಲ್ಲ.

ಕುಮಟಾದಿಂದ
ಕ್ಲಚ್ ಎಷ್ಟು ಸಲ ಹಾಕ್ಸಿದ್ರಿ ಅದನ್ನೂ ಹೇಳಿ. ಘಟ್ಟದ ಗಾಡಿ ಅಂದ್ರೆ ಕ್ಲಚ್ ಮುಗಿದಿರುತ್ತೆ.

ಶಿರಸಿಯಿಂದ
ಒಂದು ಸಲ. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಸೇರಿ 6,800. ಕ್ಲಚ್ ಇರೋದೇ ಸವೆಯೋಕೆ, ಬದಲಿಸಿದ್ರೆ ಮುಗೀತು. ತುಕ್ಕು ಹಂಗಲ್ಲ, ಒಂದು ಕಡೆ ಕತ್ತರಿಸಿ ಬೆಸುಗೆ ಹಾಕಿದ್ರೆ ಮತ್ತೊಂದು ಕಡೆ ಏಳ್ತದೆ. ನಿಮ್ಮ ಸಿಟ್ಟು ನಿಮ್ಮ ಗಾಡಿ ಮೇಲೆ, ನನ್ನ ಮೇಲೆ ಎಂತಕ್ಕೆ?

ಕಾರವಾರ, ಕೋಡಿಬಾಗದಿಂದ
ನಂದು ಬೇರೆ ಕಥೆ. ಗಡಿ ದಾಟಿದ್ರೆ ಗೋವಾ, ಅಲ್ಲಿ ಮೂವತ್ತು ನಲವತ್ತು ಸಾವಿರ ಕಮ್ಮಿಗೆ ಸಿಗುತ್ತೆ ಅಂತ 2023ರಲ್ಲಿ ಜಿಎ ನಂಬರಿಂದು 2014 ಮಾಡೆಲ್ ತಗೊಂಡೆ, 2.40. ಗಾಡಿ ಚೆನ್ನಾಗೇ ಇದೆ, ಗಾಡಿ ಮೇಲೆ ನನ್ನ ದೂರಿಲ್ಲ. ಆದ್ರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಮಾರಿದವರು ಸಾಲ ಯಾವಾಗಲೋ ತೀರಿಸಿದ್ರಂತೆ, ಫಾರ್ಮ್ 35 ಕೊಟ್ಟು ತೆಗೆಸಿರ್ಲಿಲ್ಲ. ಅದು ತೆಗೀದೆ ಗೋವಾ ಆರ್‌ಟಿಓದಿಂದ ಎನ್‌ಓಸಿ, ಅಂದ್ರೆ ಗಾಡಿ ಬೇರೆ ರಾಜ್ಯಕ್ಕೆ ಹೋಗೋಕೆ ಅಡ್ಡಿಯಿಲ್ಲ ಅನ್ನೋ ಪತ್ರ ಇಲ್ಲ, ಎನ್‌ಓಸಿ ಇಲ್ದೆ ಇಲ್ಲಿ ನಂಬರ್ ಇಲ್ಲ. ಬ್ಯಾಂಕಿಗೆ ನಾಲ್ಕು ಸಲ, ಎನ್‌ಓಸಿಗೆ ಮೂರು ಸಲ, ಪ್ರತಿಸಲ ಒಂದು ದಿನದ ಸಂಬಳ ಹೋಯ್ತು. ಆಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ 29 ಸಾವಿರದ ಚಿಲ್ಲರೆ, ಏಜೆಂಟಿಗೆ 5,000. ಉಳಿಸಿದ ಮೂವತ್ತು ಎಲ್ಲಿ ಹೋಯ್ತು ನೀವೇ ಲೆಕ್ಕ ಹಾಕಿ. ದುಡ್ಡು ಕೊಡೋ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ನೋಡಿ, ಗಾಡಿ ಮೇಲೆ ಸಾಲ ಇದ್ಯಾ ಅಂತ ನೋಡ್ಕೊಳ್ಳಿ. ಇಲ್ಲಿ ನೇವಿಯವರು ಟ್ರಾನ್ಸ್‌ಫರ್ ಆದಾಗ ಮಾರೋ ಬೇರೆ ರಾಜ್ಯದ ಗಾಡಿಗೂ ಇದೇ ಗೋಳು.

ಅಂಕೋಲಾದಿಂದ
ಇಷ್ಟೆಲ್ಲ ಹೆದರ್ಸಬೇಡಿ. ನಂದು ಕರಾವಳಿ ಗಾಡಿಯೇ, ತಗೊಂಡ ವಾರಕ್ಕೇ ಕೆಳಗೆ ತುಕ್ಕು ಹಿಡೀದ ಹಾಗೆ ಬಳಿಯೋ ಅಂಡರ್ ಕೋಟಿಂಗ್ ಮಾಡ್ಸಿದೆ, ಆರು ವರ್ಷ ಆಯ್ತು. ಅರಬೈಲ್ ಘಟ್ಟ ಇಳಿವಾಗ ಇಂಜಿನ್ ಆಫ್ ಮಾಡಿ ನ್ಯೂಟ್ರಲ್ಲಲ್ಲಿ ಬಿಡ್ತೇನೆ, ಪೆಟ್ರೋಲೂ ಉಳೀತದೆ, ಕ್ಲಚ್ಚೂ ಉಳೀತದೆ.

ಶಿರಸಿಯಿಂದ
ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ!! ಇಂಜಿನ್ ಆಫ್ ಆದ್ರೆ ಬ್ರೇಕ್ ಒತ್ತೋಕೆ ಬಲ ಕೊಡೋ ಬೂಸ್ಟರಿಗೆ ಇಂಜಿನ್ನಿಂದ ವ್ಯಾಕ್ಯೂಮ್ ಸಿಗಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತೆ, ಸ್ಟೀರಿಂಗೂ ಬಿಗಿ. ಯಾವ ಗೇರಲ್ಲಿ ಹತ್ತುತ್ತೋ ಅದೇ ಗೇರಲ್ಲಿ ಇಳೀಬೇಕು. ಅರಬೈಲಲ್ಲಿ ಎದುರಿಗೆ ಅದಿರಿನ ಲಾರಿ ಬಂದ ಕಾಲದಿಂದ ಓಡಿಸ್ತಿದೀನಿ ನಾನು.

ಅಂಕೋಲಾದಿಂದ
ನಾನೂ 19 ವರ್ಷದಿಂದ ಓಡಿಸ್ತಿದೀನಿ, ಒಂದು ಗೀರೂ ಬಿದ್ದಿಲ್ಲ. ನಿಮ್ಮ ಆಲ್ಟೊ ಪುರಾಣ ಕೇಳೋಕೆ ಯಾರೂ ಬಂದಿಲ್ಲ ಇಲ್ಲಿ.

ಕುಮಟಾದಿಂದ
ಅಂಡರ್ ಕೋಟಿಂಗ್ ಮಾತಿಗೆ ನಾನು ಬರ್ತೇನೆ. ನನ್ನ ಗಾಡಿಗೂ ಇತ್ತು ಅದು, ದಪ್ಪಗೆ ಕರೀ ಡಾಂಬರು ಥರ. ಮೊದಲೇ ಹಿಡಿದ ತುಕ್ಕಿನ ಮೇಲೆ ಬಳಿದಿದ್ರು, ಒಳಗೆ ನೀರು ಕೂತು ಇನ್ನೂ ಬೇಗ ತಿಂತು. ಮೇಲಿಂದ ನೋಡಿದ್ರೆ ಹೊಸದರ ಹಂಗೆ. ಸೆಕೆಂಡ್ ಹ್ಯಾಂಡ್ ಗಾಡಿ ಕೆಳಗೆ ಹೊಸ ಕೋಟಿಂಗ್ ಕಂಡ್ರೆ ಮೊದಲು ಅನುಮಾನ ಪಡಿ. ಅಂಕೋಲಾದವರೆ, ನಿಮ್ಮದನ್ನ ಒಂದ್ಸಲ ಲಿಫ್ಟಿಗೆ ಹಾಕ್ಸಿ ಕೆರೆದು ನೋಡಿ, ಆಮೇಲೆ ಮಾತಾಡಿ.

ಅಂಕೋಲಾದಿಂದ
ನನ್ನ ಗಾಡಿ ಕೆರೆಯೋಕೆ ನೀವ್ಯಾರು?

ಕಾರವಾರ, ಕೋಡಿಬಾಗದಿಂದ
ಜಗಳ ಬಿಟ್ಟು ಒಂದು ಮಾತು, ನಾನು ಮರೆತಿದ್ದೆ. ಇನ್ಶೂರೆನ್ಸ್ 14 ದಿನದ ಒಳಗೆ ಹೆಸರಿಗೆ ಮಾಡ್ಕೊಳ್ಳಿ. ಮಾರಿದವರ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯಿತಿ, ನಮಗೆ ಬರಲ್ಲ, ಆ ವ್ಯತ್ಯಾಸ 2,300 ನಾನು ಕೈಯಿಂದ ಕಟ್ಟಿದೀನಿ.

ಕೇಳಿದವರು
ನಾಳೆ ಬೆಳಿಗ್ಗೆ ಏಳಕ್ಕೆ ಹೋಗ್ತಿದೀನಿ, ಇಂಜಿನ್ ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ ನೋಡ್ಬೇಕು, ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿದೀನಿ. ಗ್ಯಾರೇಜಿನವನನ್ನ ಕರ್ಕೊಂಡೇ ಹೋಗ್ತೀನಿ. ಮ್ಯಾಟ್ ಎತ್ತೋಕೆ ಅವರು ಒಪ್ತಾರಾ?

ಕುಮಟಾದಿಂದ
ಒಪ್ಪಲಿಲ್ಲ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ.