ಅಮ್ಮನ ಚಿಕಿತ್ಸೆಗೆ ಕ್ಯಾನ್ಸರ್ ತಜ್ಞರನ್ನು ಆರಿಸುವುದು ಹೇಗೆ?

ಪ್ರಶ್ನೆ (ವಿರಾಜಪೇಟೆ): ಅಮ್ಮನಿಗೆ ಸ್ತನ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದ್ದು, ಶಸ್ತ್ರಚಿಕಿತ್ಸೆಗೆ ಮೊದಲೇ ಕಿಮೊಥೆರಪಿ ಬೇಕಾಗಬಹುದೆಂದು ವೈದ್ಯರು ತಿಳಿಸಿದ್ದಾರೆ. ಮೈಸೂರು, ಮಂಗಳೂರು, ಬೆಂಗಳೂರುಗಳಲ್ಲಿ ಎಲ್ಲಿಗೆ ಹೋಗುವುದು ಉಚಿತ? ತಜ್ಞರ ಅರ್ಹತೆಯನ್ನು ಅರಿಯುವುದು ಹೇಗೆ?

ಉತ್ತರ (ಮಡಿಕೇರಿ): ಎಂ.ಡಿ. ಬಳಿಕ ಮೆಡಿಕಲ್ ಆಂಕಾಲಜಿಯಲ್ಲಿ (ಔಷಧಗಳಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ನೀಡುವ ವಿಭಾಗ) 3 ವರ್ಷಗಳ ಉನ್ನತ ತಜ್ಞ ಪದವಿಯಾದ ಡಿ.ಎಂ. ಅಥವಾ ಡಿಆರ್‌ಎನ್‌ಬಿ ಇದೆಯೇ ಎಂದು ಮೊದಲು ನೋಡಿ. ಅದಕ್ಕಿಂತ ಹೆಚ್ಚಿನ ತೂಕವನ್ನು ನಾನು ಕೊಡುವುದು ಟ್ಯೂಮರ್ ಬೋರ್ಡಿಗೆ: ಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು, ರೋಗಶಾಸ್ತ್ರಜ್ಞರು ಒಟ್ಟಿಗೆ ಕುಳಿತು ತಾಯಿಯವರ ವರದಿಯನ್ನು ಚರ್ಚಿಸುವರೇ ಎಂದು ನೇರವಾಗಿ ಕೇಳಿ. ಗಡ್ಡೆಯ ಜೀವಕೋಶಗಳಲ್ಲಿ ಹಾರ್ಮೋನ್ ಗ್ರಾಹಕಗಳು (ಇಆರ್, ಪಿಆರ್) ಮತ್ತು ಹರ್2 ಪ್ರೋಟೀನ್ ಎಷ್ಟಿವೆ ಎಂಬ ಪರೀಕ್ಷೆಯ ಫಲಿತಾಂಶ ಬರುವ ಮೊದಲು ಔಷಧ ನಿರ್ಧರಿಸುವುದು ಸರಿಯಲ್ಲ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್‌ಗಳನ್ನು (ಮೇಣದಲ್ಲಿ ಕಾಪಿಟ್ಟ ಅಂಗಾಂಶದ ತುಣುಕುಗಳು) ಪಡೆದಿಟ್ಟುಕೊಂಡರೆ ಎರಡನೆಯ ಅಭಿಪ್ರಾಯಕ್ಕೆ ಮತ್ತೆ ಸೂಜಿ ಚುಚ್ಚಿಸಬೇಕಾದ ಸಂದರ್ಭ ಸಾಮಾನ್ಯವಾಗಿ ಬರುವುದಿಲ್ಲ.

ಉತ್ತರ (ಸೋಮವಾರಪೇಟೆ): ಊರಿನ ಆಯ್ಕೆಯಲ್ಲಿ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಂಗಳೂರಿನ ದಾರಿಯೇ ಮುಚ್ಚಿತ್ತು. ಕಿಮೊ ಪಡೆಯುವವರಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಾಗಾಗಿ ರಾತ್ರಿ ಯಾರಿಗೆ ಕರೆ ಮಾಡಬೇಕು, ಮಡಿಕೇರಿಯಲ್ಲೇ ರಕ್ತಪರೀಕ್ಷೆ ಮಾಡಿಸಿ ವರದಿ ಕಳುಹಿಸಬಹುದೇ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ.

ಉತ್ತರ (ಕುಶಾಲನಗರ): ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಾಗಿದ್ದು, ಅಲ್ಲಿ ಚಿಕಿತ್ಸಾ ಯೋಜನೆ ಬರೆಸಿಕೊಂಡು, ಅದೇ ಔಷಧಗಳನ್ನು ಮೈಸೂರಿನಲ್ಲಿ ಪಡೆಯಬಹುದೇ ಎಂದು ಎರಡೂ ಊರಿನ ವೈದ್ಯರನ್ನು ಕೇಳಿ.