ದ್ವೀಪಕ್ಕೆ ಹೊರಟವರು ಡಾಕ್ಟರನ್ನು ಕೇಳಿ

ಕಡಲಹಕ್ಕಿ: ಡಾಕ್ಟ್ರೇ ನಮಸ್ಕಾರ. ಮುಂದಿನ ವಾರ ದ್ವೀಪಕ್ಕೆ ಹೊರಟಿದ್ದೇವೆ. ಜೆಲ್ಲಿ ಮೀನು ಕುಟುಕಿದರೆ ಏನು ಮಾಡಬೇಕು?

ಡಾಕ್ಟರ್: ನಮಸ್ಕಾರ. ಮೊದಲು ನೀರಿನಿಂದ ಹೊರಗೆ ಬನ್ನಿ. ಮರಳು ಹಾಕಿ ಉಜ್ಜಬೇಡಿ. ಸಿಹಿನೀರೂ ಬೇಡ, ಸಮುದ್ರದ ನೀರಿನಲ್ಲೇ ತೊಳೆದು ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಆಮೇಲೆ ತಡೆಯುವಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ, 20 ನಿಮಿಷ ಇಡಿ. ಬಾಕ್ಸ್ ಜೆಲ್ಲಿ ಅನ್ನುವ ಕಡು ವಿಷದ ಜೆಲ್ಲಿ ಮೀನು ಇರುವ ಕಡಲಾದರೆ ಮೊದಲು 30 ಸೆಕೆಂಡ್ ವಿನೆಗರ್ ಸುರಿದು, ತಕ್ಷಣ ಆಸ್ಪತ್ರೆಗೆ ಹೋಗಿ.

ಮರಳುದಂಡೆ: ಮೂತ್ರ ಹಾಕಿದರೆ ಸಾಕು ಅಂತ ಫಾರ್ವರ್ಡ್ ಬಂದಿದೆಯಲ್ಲ ಸರ್?

ಡಾಕ್ಟರ್: ಹಾಕಬೇಡಿ. ವಿಷ ಇನ್ನೂ ಜಾಸ್ತಿ ಇಳಿಯಬಹುದು.

ಪುಟ್ಟಿಅಮ್ಮ: ಮಗಳಿಗೆ 6 ವರ್ಷ. ದೋಣಿ ಹತ್ತಿದರೆ ವಾಂತಿ. ಯಾವ ಮಾತ್ರೆ ಕೊಡಲಿ?

ಹೊಸಅಲೆ: ನಿನ್ನೆ ಗಾಳಿ ಸಿಲಿಂಡರ್ ಕಟ್ಟಿ ಎರಡು ಸಲ ಸ್ಕೂಬಾ ಡೈವ್ ಮಾಡಿದೆ, 18 ಮೀಟರ್ ಆಳ. ಕೊನೆಯದು ಸಂಜೆ 4ಕ್ಕೆ ಮುಗಿಯಿತು. ರಾತ್ರಿಯಿಂದ ಬಲ ಭುಜ ನೋಯುತ್ತಿದೆ. ಸಿಲಿಂಡರ್ ಎತ್ತಿದ್ದಕ್ಕೆ ಇರಬೇಕು. ಬೆರಳು ಜುಮ್ಮೆನ್ನುತ್ತಿವೆ. ಇವತ್ತು ಮಧ್ಯಾಹ್ನ 1ಕ್ಕೆ ವಿಮಾನ. ನೋವಿನ ಮಾತ್ರೆ ನುಂಗಿ ಹೊರಡಬಹುದಾ?

ಮರಳುದಂಡೆ: 18 ಗಂಟೆ ದಾಟಿದೆ, ಆರಾಮಾಗಿ ಹೋಗಿ.

ಡಾಕ್ಟರ್: ಹೊಸಅಲೆ, ವಿಮಾನ ಹತ್ತಬೇಡಿ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು ಅನ್ನುವುದು ಯಾವ ತೊಂದರೆಯೂ ಇಲ್ಲದವರಿಗೆ. ನಿಮಗೆ ಆಗಲೇ ತೊಂದರೆ ಶುರುವಾಗಿದೆ. ಆಳದಲ್ಲಿ ಒತ್ತಡ ಜಾಸ್ತಿ, ಹಾಗಾಗಿ ಉಸಿರಾಡಿದ ನೈಟ್ರೋಜನ್ ರಕ್ತಕ್ಕೂ ಮಾಂಸಕ್ಕೂ ಸೇರಿಕೊಳ್ಳುತ್ತದೆ. ಮೇಲೆ ಬಂದಾಗ ಅದು ನಿಧಾನವಾಗಿ ಶ್ವಾಸಕೋಶದ ಮೂಲಕ ಹೊರಗೆ ಹೋಗಬೇಕು. ಹೋಗದೆ ಗುಳ್ಳೆಯಾದರೆ ಕೀಲು ನೋಯುತ್ತದೆ, ನರಕ್ಕೆ ಪೆಟ್ಟಾದರೆ ಜುಮ್ಮೆನ್ನುತ್ತದೆ. ಹಾರುವ ವಿಮಾನದ ಒಳಗೆ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಕಡಿಮೆ ಒತ್ತಡ ಇರುತ್ತದೆ. ಅಲ್ಲಿ ಮೈಯೊಳಗಿನ ಗುಳ್ಳೆ ಇನ್ನೂ ಹಿಗ್ಗುತ್ತದೆ.

ಈಗಲೇ ನೋಡಿ ಹೇಳಿ: ಅಂಗಿಯ ಗುಂಡಿ ಹಾಕಲು ಆಗುತ್ತಾ? ನಡೆದರೆ ಓಲಾಡುತ್ತೀರಾ? ಮೂತ್ರ ಸರಿಯಾಗಿ ಹೋಗುತ್ತಿದೆಯಾ?

ಹೊಸಅಲೆ: ಮೂತ್ರ ಸರಿ ಇದೆ. ನಡಿಗೆಯೂ ಸರಿ. ಗುಂಡಿ ಎರಡು ಸಲ ಬೆರಳಿಂದ ಜಾರಿತು.

ಡಾಕ್ಟರ್: ಹಾಗಾದರೆ ಕಾಯಬೇಡಿ. ಡೈವಿಂಗ್ ಕೇಂದ್ರದಲ್ಲಿ ಆಕ್ಸಿಜನ್ ಇರುತ್ತದೆ, ಕೇಳಿ ಹಾಕಿಸಿಕೊಳ್ಳಿ. ಅಲ್ಲಿಂದ ನೇರ ಆಸ್ಪತ್ರೆ. ಡೈವ್ ಎಷ್ಟು ಆಳ, ಎಷ್ಟು ಹೊತ್ತು ಅಂತ ಬರೆದುಕೊಂಡು ಹೋಗಿ. ಒತ್ತಡದ ಕೋಣೆಯಲ್ಲಿ, ಅಂದರೆ ಗಾಳಿಯ ಒತ್ತಡ ಹೆಚ್ಚಿಸಿ ಆಕ್ಸಿಜನ್ ಕೊಡುವ ಕೋಣೆಯಲ್ಲಿ, ಚಿಕಿತ್ಸೆ ಬೇಕಾಗಬಹುದು. ಒಬ್ಬರೇ ಹೋಗಬೇಡಿ.

ನೀಲಿಬಾನು: ಮತ್ತೆ 5 ಮೀಟರ್ ಇಳಿದರೆ ಗುಳ್ಳೆ ಕರಗುತ್ತೆ ಅಂತ ಇನ್ನೊಂದು ಗುಂಪಿನಲ್ಲಿ ಬಂದಿತ್ತು.

ಡಾಕ್ಟರ್: ಅದನ್ನು ಇಲ್ಲಿ ಹಾಕಬೇಡಿ. ನೀರಿನೊಳಗೆ ಕೈ ಸೋತರೆ ಮುಳುಗಿ ಹೋಗುತ್ತಾರೆ.

ಮರಳುದಂಡೆ: ನಾನು ಡೈವ್ ಮಾಡಿ 6 ಗಂಟೆಗೇ ವಿಮಾನ ಹತ್ತಿದ್ದೆ. ಏನೂ ಆಗಲಿಲ್ಲ. ಸುಮ್ನೆ ಹೆದರಿಸುತ್ತಾರೆ.

ಕಡಲಹಕ್ಕಿ: ನಿಮಗೆ ಆಗಲಿಲ್ಲ ಅಂತ ಅವರಿಗೂ ಆಗಲ್ವಾ? ಅವರ ಬೆರಳೇ ಕೇಳುತ್ತಿಲ್ಲ.

ಮರಳುದಂಡೆ: ನಿಮ್ಮನ್ನು ಯಾರು ಕೇಳಿದರು? ಟಿಕೆಟ್ ದುಡ್ಡು ನೀವು ಕೊಡ್ತೀರಾ?

ಕಡಲಹಕ್ಕಿ: ಅವರ ಕೈ ಹೋದರೆ ನೀವು ಕೊಡ್ತೀರಾ?

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಹೊಸಅಲೆಗೆ ಕೊಟ್ಟ ಉತ್ತರ ಕಾಣದೆ ಮೇಲೆ ಹೋಗುತ್ತಿದೆ.

ನೀಲಿಬಾನು: ಬಿಸಿಲಿಗೆ ಕಪ್ಪಾಗದಂತೆ ನಿಂಬೆರಸ ಹಚ್ಚಬಹುದಾ?

ಡಾಕ್ಟರ್: ಇಲ್ಲ. ನಿಂಬೆರಸದ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಸನ್‌ಸ್ಕ್ರೀನ್ ಹಚ್ಚಿ, 2 ಗಂಟೆಗೊಮ್ಮೆ, ನೀರಿನಿಂದ ಬಂದಾಗಲೂ.

ಅಲೆಮಾರಿ: ಜೆಲ್ಲಿ ಮೀನು ಕುಟುಕಿದರೆ ಏನು ಮಾಡಬೇಕು ಸರ್?

ಡಾಕ್ಟರ್: ಮೇಲೆ ಓದಿ.

ಪುಟ್ಟಿಅಮ್ಮ: ಸರ್, ನನ್ನ ಪ್ರಶ್ನೆ?

ಡಾಕ್ಟರ್: ಹೊಸಅಲೆ, ಎಲ್ಲಿದ್ದೀರಿ?

ಡಾಕ್ಟರ್: ಹೊಸಅಲೆ?

ಹೊಸಅಲೆ: ನಾನು ಅವರ ತಂಗಿ. ಆಕ್ಸಿಜನ್ ಮಾಸ್ಕ್ ಹಾಕಿದ್ದಾರೆ, ಹಾಗಾಗಿ ಅಣ್ಣನಿಗೆ ಮಾತಾಡಲು ಆಗುತ್ತಿಲ್ಲ, ಆದರೆ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಾನೆ. ದೋಣಿಯಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರಂತೆ.

ಡಾಕ್ಟರ್: ಒಳ್ಳೆಯದಾಯಿತು. ದೋಣಿಯಲ್ಲೂ ಮಾಸ್ಕ್ ತೆಗೆಯಲು ಬಿಡಬೇಡಿ. ಜುಮ್ಮು ಕಡಿಮೆ ಆಯಿತು ಅಂದರೂ ಬಿಡಬೇಡಿ.